ಗುಡ್ಡಮ್ಮನ ಹೊಂಡದ ಬಾಯಿ

ಗುಡ್ಡಮ್ಮ ಮಾಡಿದ ತಪ್ಪು ಒಂದೇ. ಯಾರೂ ಕೇಳದ ಪ್ರಶ್ನೆಯನ್ನು ಕಚೇರಿಗೆ ಹೋಗಿ ಕೇಳಿದಳು. ಊರಿನ ಉಳಿದವರೆಲ್ಲ ಕಾಯಿದೆ ಬಂತೆಂದರೆ ಬೆನ್ನು ತಿರುಗಿಸಿ ಕೂರುವವರು, ಹುಡುಕಿಕೊಂಡು ಬಂದಾಗ ನೋಡಿಕೊಂಡರಾಯಿತು ಎನ್ನುವವರು. ಈಕೆ ಮಾತ್ರ 1958ರ ಯುಗಾದಿ ಕಳೆದ ವಾರಕ್ಕೆ ಬುತ್ತಿ ಕಟ್ಟಿಕೊಂಡು, ಕುಪ್ಪಗಡ್ಡೆಯ ಆಚೆಯ ತನ್ನ ಇಪ್ಪತ್ತು ಮನೆಯ ಹಳ್ಳಿಯಿಂದ ಸೊರಬದ ತಾಲ್ಲೂಕು ಕಚೇರಿಗೆ ನಡೆದೇ ಹೋದಳು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತನ ಎದುರು ನಿಂತು, ‘ಸ್ವಾಮಿ, ನಮ್ಮ ಸ್ವಂತ ಜಮೀನಿನ ಹೊಂಡಕ್ಕೂ ಆ ಮೀನಿನ ಕಾಯ್ದೆ ಬರ್ತದಾ?’ ಎಂದು ಕೇಳಿದಳು.

ಹಿಂದಿನ ವಾರ ಊರಲ್ಲಿ ಡಂಗುರ ಸಾರಿದ್ದರು. ಇನ್ನು ಮುಂದೆ ಸರ್ಕಾರಿ ಕೆರೆಗಳ ಮೀನು ಹರಾಜಿಗೆ ಹೋಗುತ್ತದೆ, ಲೈಸೆನ್ಸ್ ಇಲ್ಲದವರು ಬಲೆಯಾಗಲಿ ಕೂಣಿಯಾಗಲಿ ನೀರಿಗೆ ಹಾಕಕೂಡದು, ಊರು ಸೇರಿ ಕೆರೆಬೇಟೆ ಮಾಡಬೇಕಾದರೆ ಅಪ್ಪಣೆ ಬೇಕು ಎಂದು. ಊರ ಮುಂದಿನ ದೊಡ್ಡ ಕೆರೆ ಹೇಗೂ ಸರ್ಕಾರದ್ದು. ಜನ ಎರಡು ದಿನ ಗೊಣಗಿ ಸುಮ್ಮನಾದರು. ಅದು ಹೋದರೆ ಹೋಗಲಿ, ಗುಡ್ಡಮ್ಮನ ಹೊಂಡ ಇದೆಯಲ್ಲ ಎಂಬ ಧೈರ್ಯ ಅವರಿಗೆ. ಆ ಧೈರ್ಯವೇ ಗುಡ್ಡಮ್ಮನ ನಿದ್ದೆ ಕೆಡಿಸಿತು. ಬೇಟೆಯ ದಿನ ನಾಲ್ಕು ಊರಿನ ಜನ ತನ್ನ ಕರೆ ನಂಬಿ ಬಂದು ಹೊಂಡಕ್ಕಿಳಿದ ಮೇಲೆ ಪೊಲೀಸರು ಬಂದು ಎಬ್ಬಿಸಿದರೆ? ಕರೆದು ಅವಮಾನ ಮಾಡಿಸಿದಂತಾಗುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳುವುದು ಮೇಲೆಂದು ಹೊರಟಿದ್ದಳು.

ತಾನು ಕರೆದವರಿಗೆ ಅವಮಾನವಾಗಬಾರದು ಎನ್ನುವುದು ಅವಳಿಗೆ ಯಾಕಷ್ಟು ದೊಡ್ಡದೆಂದು ತಿಳಿಯಬೇಕಾದರೆ ಹೊಂಡ ಹುಟ್ಟಿದ್ದನ್ನು ಹೇಳಬೇಕು. ಅವಳು ಜಡೆಯಿಂದ ಮದುವೆಯಾಗಿ ಬಂದ ಎರಡನೆಯ ಬೇಸಿಗೆಯಲ್ಲಿ ದೊಡ್ಡ ಕೆರೆಯ ಬೇಟೆ ನಡೆಯಿತು. ಕೆರೆಬೇಟೆ ಎಂದರೆ ಬಿಸಿಲಿಗೆ ಕೆರೆ ಇಂಗಿ ಮೊಣಕಾಲುದ್ದ ನೀರಾದಾಗ ಸುತ್ತಲಿನ ಊರವರೆಲ್ಲ ಒಂದೇ ದಿನ ಕೂಣಿ ಹಿಡಿದು ಇಳಿಯುವುದು. ಕೂಣಿ ಬಿದಿರುಕಡ್ಡಿಯಿಂದ ಹೆಣೆದದ್ದು. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಕೆಸರಿಗೆ ಒತ್ತಿ ಹಿಡಿದು ಮೇಲಿನಿಂದ ಕೈಹಾಕಿದರೆ ಒಳಗೆ ಸಿಕ್ಕಿಬಿದ್ದ ಮೀನು ಕೈಗೆ ಬರುತ್ತದೆ. ಬೇಟೆಗೆ ಒಂದು ಕಟ್ಟಳೆಯಿತ್ತು. ಪಟೇಲರು ದಂಡೆಯ ಮೇಲೆ ತಮಟೆ ಬಡಿಸುವ ತನಕ ಒಬ್ಬನೂ ನೀರಿಗೆ ಕಾಲಿಡಬಾರದು.

ಆ ವರ್ಷ ಗುಡ್ಡಮ್ಮನ ಗಂಡ ಉಜ್ಜಪ್ಪ ದಂಡೆಯ ತುದಿಯಲ್ಲಿ ನಿಂತಿದ್ದವನು ಕಾಲು ಜಾರಿ ತಮಟೆಗೆ ಮೊದಲೇ ನೀರಿಗೆ ಬಿದ್ದ. ಜಾರಿ ಬಿದ್ದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಆದರೆ ಪಟೇಲರಿಗೆ ಗದ್ದೆಯ ಬದುವಿನ ವಿಷಯದಲ್ಲಿ ಅವನ ಮೇಲೆ ಹಳೆಯ ಸಿಟ್ಟು. ‘ನಾನು ಬದುಕಿರೋ ತನಕ ನೀನು ಈ ಕೆರೆಗೆ ಇಳಿಯಂಗಿಲ್ಲ’ ಎಂದುಬಿಟ್ಟರು. ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಉಜ್ಜಪ್ಪ ಒದ್ದೆ ಬಟ್ಟೆಯಲ್ಲಿ, ಖಾಲಿ ಕೂಣಿಯನ್ನು ಹೆಗಲಿಗೇರಿಸಿಕೊಂಡು, ನಾಲ್ಕು ಊರಿನ ಜನ ನೋಡುತ್ತಿದ್ದಂತೆ ಮನೆಗೆ ನಡೆದ. ಹಿಂದೆಯೇ ಹೋದ ಗುಡ್ಡಮ್ಮನಿಗೆ ಆಗ ಹದಿನೆಂಟು ವರ್ಷ. ಮನೆ ಮುಟ್ಟುವ ತನಕ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಕೆರೆಯ ಹಿನ್ನೀರಿನ ಹತ್ತಿರವಿದ್ದ ತನ್ನ ಪಟ್ಟಾ ಜಮೀನಿನ ತಗ್ಗಿನಲ್ಲಿ ಗುದ್ದಲಿ ಹಾಕಿದ. ಐದು ಬೇಸಿಗೆ ಗಂಡ ಅಗೆದ, ಹೆಂಡತಿ ಮಣ್ಣು ಹೊತ್ತಳು. ನಡುವೆ ಒಂದು ಮಗಳು ಹುಟ್ಟಿ, ಬುಟ್ಟಿಯಲ್ಲಿ ಮಲಗಿ, ದಂಡೆಯ ಮೇಲೆ ನಡೆಯುವುದನ್ನು ಕಲಿತಳು. ಹೊಂಡ ಮುಗಿದ ಮೇಲೆ ಅದರಿಂದ ಕೆರೆಯ ಹಿನ್ನೀರಿನ ತನಕ ಒಂದು ಕಾಲುವೆ ಕಡಿದರು. ಅದು ಹೊಂಡದ ಬಾಯಿ. ಮೃಗಶಿರೆ, ಆರಿದ್ರೆ ಮಳೆಗೆ ಹೊಂಡ ತುಂಬಿ ಆ ಬಾಯಿಯಿಂದ ನೀರು ಇಳಿದಾಗ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹರಿವಿಗೆ ಎದುರಾಗಿ ಕೆರೆಯಿಂದ ಮೇಲೆ ಹತ್ತಿ ಬರುತ್ತವೆ. ಊರಲ್ಲಿ ಅವಕ್ಕೆ ಹತ್ತುಮೀನು ಎನ್ನುತ್ತಾರೆ. ಆಗ ಅವಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ, ಬರಿಗೈಯಲ್ಲಿ ಎತ್ತಿಕೊಳ್ಳಬಹುದು.

ಉಜ್ಜಪ್ಪ ತನ್ನ ಹೊಂಡಕ್ಕೆ ತಾನೇ ಎರಡು ಕಟ್ಟಳೆ ಮಾಡಿದ. ಮಳೆಗಾಲದಲ್ಲಿ ಹತ್ತಿ ಬರುವ ಮೀನಿಗೆ ಯಾರೂ ಕೈಹಾಕಬಾರದು. ಬೇಸಿಗೆಯ ಬೇಟೆಗೆ ಬಂದವರು ಯಾರೇ ಆಗಲಿ, ವಾಪಸ್ ಕಳಿಸಬಾರದು. ಮೊದಲ ಬೇಟೆಗೆ ಪಟೇಲರ ಮನೆಗೂ ತಾನೇ ಹೋಗಿ ಹೇಳಿ ಬಂದ. ಅಂದಿನಿಂದ ಪ್ರತಿ ವೈಶಾಖದಲ್ಲಿ ಅವರ ಹೊಂಡದಲ್ಲಿ ಬೇಟೆ. ಇಳಿದವರೆಲ್ಲ ಮೊದಲು ಸಿಕ್ಕ ಮೀನನ್ನು ಗುಡ್ಡಮ್ಮನ ಅಂಗಳದ ಹಂಡೆಗೆ ಹಾಕುವುದು, ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಊಟ. ಉಜ್ಜಪ್ಪ ಚಳಿಜ್ವರದಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಆನವಟ್ಟಿಗೆ ಸೊಸೆಯಾಗಿ ಹೋಗಿದ್ದಳು. ಗುಡ್ಡಮ್ಮ ಬೇಟೆ ನಿಲ್ಲಿಸಿರಲಿಲ್ಲ.

ಇಷ್ಟೆಲ್ಲ ಗುಮಾಸ್ತನಿಗೆ ಹೇಗೆ ಹೇಳುವುದು? ಅವನು ಕೇಳಲೂ ಇಲ್ಲ. ಅವನಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ‘ಅರ್ಜಿ ಬರೆಸಿಕೊಂಡು ಬಾ’ ಎಂದ. ಹೊರಗೆ ಮರದ ಕೆಳಗೆ ಕೂತ ಅರ್ಜಿ ಬರೆಯುವವನ ಹತ್ತಿರ ಬರೆಸಿ, ಹೆಬ್ಬೆಟ್ಟು ಒತ್ತಿ ಕೊಟ್ಟು ಬಂದಳು. ಇಪ್ಪತ್ತು ದಿನಕ್ಕೆ ತಳವಾರ ಒಂದು ಕಾಗದ ತಂದ. ವಿಷಯ ಶಿಕಾರಿಪುರದ ಮೀನುಗಾರಿಕೆ ಇನ್ಸ್‌ಪೆಕ್ಟರಿಗೆ ಹೋಗಿದೆ, ಅವರು ಬಂದು ಸ್ಥಳ ನೋಡಿ ತೀರ್ಮಾನವಾಗುವ ತನಕ ಹೊಂಡದಲ್ಲಿ ಯಾರೂ ಮೀನು ಹಿಡಿಯಕೂಡದು ಎಂದಿತ್ತು. ಉಜ್ಜಪ್ಪನ ತಮ್ಮ ರಂಗಪ್ಪ ಅದನ್ನು ಓದಿ ಹೇಳಿ ಹಣೆ ಚಚ್ಚಿಕೊಂಡ.

‘ಅತ್ಗೆ, ಸುಮ್ನಿದ್ದಿದ್ರೆ ಆಗ್ತಿರ್ಲಿಲ್ವಾ? ಈ ಮೂಲೆಗೆ ಯಾರು ಬಂದು ನೋಡ್ತಿದ್ರು? ಮಲಗಿದ್ದೋರ್ನ ನೀವೇ ಹೋಗಿ ಎಬ್ಬಿಸಿ ಬಂದ್ರಲ್ಲ.’

ಆ ವರ್ಷದ ಬೇಟೆ ನಿಂತುಹೋಯಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ.

ಇನ್ಸ್‌ಪೆಕ್ಟರು ಬಂದದ್ದು ಮಳೆಗೆ ಹದಿನೈದು ದಿನ ಇದೆ ಎನ್ನುವಾಗ. ಮಹೇಶ್ವರಪ್ಪ ಅಂತ, ಶಿಕಾರಿಪುರದ ಕಡೆಯ ಲಿಂಗಾಯತರು, ಐವತ್ತರ ಹತ್ತಿರದವರು. ಹುಟ್ಟಿದಾರಭ್ಯ ಮೀನು ತಿಂದವರಲ್ಲ, ಮೀನು ಕಾಯುವುದು ಅವರ ಕೆಲಸ. ಕೊಟ್ಟ ಮಜ್ಜಿಗೆಯನ್ನೂ ಒಂದು ಗಳಿಗೆ ಯೋಚಿಸಿಯೇ ಕುಡಿದರು. ಆದರೆ ಮನುಷ್ಯ ಒಳ್ಳೆಯವರು, ಅದನ್ನು ಹೇಳಬೇಕು. ಹೊಂಡದ ಸುತ್ತ ಎರಡು ಸಲ ನಡೆದು, ಒಣಗಿದ ಕಾಲುವೆಯ ತಲೆಯಲ್ಲಿ ಬಂದು ನಿಂತರು.

‘ಪಹಣಿ ನೋಡೀನ್ರಿ. ನೆಲ ನಿಮ್ದು, ಅದರಲ್ಲಿ ಅನುಮಾನ ಇಲ್ಲ. ಮೀನು ಎಲ್ಲಿಂದ ಬರ್ತಾವು ಅನ್ನೋದಷ್ಟೇ ಪ್ರಶ್ನೆ.’

‘ಕೆರೆಯಿಂದ ಹತ್ತಿ ಬರ್ತಾವೆ ಸ್ವಾಮಿ, ಈ ಬಾಯಲ್ಲೇ.’

‘ಅದನ್ನ ನೀವಾಗಿ ಹೇಳಬ್ಯಾಡ್ರಿ’ ಎಂದು ಅವರು ಅತ್ತಿತ್ತ ನೋಡಿದರು. ‘ಕೇಳ್ರಿ ಇಲ್ಲಿ. ಸ್ವಂತ ಜಮೀನಿನ ನೀರು, ಹೊರಗಿನ ನೀರಿಗೆ ಕೂಡಲ್ಲ ಅಂತಾದ್ರೆ ಕಾಯ್ದೆ ನಿಮ್ಮ ತಂಟೆಗೆ ಬರಂಗಿಲ್ಲ. ಯಾರನ್ನ ಬೇಕಾದ್ರೂ ಕರೀರಿ, ಬೇಟೆ ಮಾಡ್ರಿ, ಕೇಳೋರಿಲ್ಲ. ಮಳೆಗಾಲದಲ್ಲಿ ಕೆರೆಗೆ ಕೂಡ್ತೈತಿ ಅಂದ್ರೆ ಅದು ಕೆರೆ ಜೊತೆಗೇ ಹೋಗ್ತೈತಿ. ಲೈಸೆನ್ಸು, ಹರಾಜು, ಎಲ್ಲಾ. ಈಗ ಒಣ ಕಾಲುವೆ ನೋಡಿ ನಾನು ಏನಂತ ಬರೀಲಿ? ಮಳೆ ಹಿಡಿದ ಮೇಲೆ ಬರ್ತೀನಿ. ಅವತ್ತು ಕಣ್ಣಿಗೆ ಕಂಡದ್ದನ್ನ ಬರೀತೀನಿ. ಬಾಯಿ ಮುಚ್ಚಿದ್ರೆ ಮುಚ್ಚೈತಿ ಅಂತ ಬರೀತೀನಿ.’

ಇದಕ್ಕಿಂತ ಬಿಡಿಸಿ ಹೇಳುವುದು ಸರ್ಕಾರದ ಸಂಬಳ ತಿನ್ನುವವರಿಗೆ ಸಾಧ್ಯವಿಲ್ಲ. ಅವರು ಹೋದ ಮರುದಿನವೇ ರಂಗಪ್ಪ ನಾಲ್ಕು ಆಳು ಕರೆತಂದ. ಗುಡ್ಡಮ್ಮನೂ ಬುಟ್ಟಿ ಹಿಡಿದಳು. ಐವತ್ತರ ಹತ್ತಿರ ಬಂದ ಹೆಂಗಸು, ಯಾವ ಮಣ್ಣನ್ನು ತೆಗೆಯಲು ಹೊತ್ತಿದ್ದಳೋ ಅದನ್ನೇ ಈಗ ತುಂಬಲು ಹೊತ್ತಳು. ಬಾಯಿಗೆ ಅಡ್ಡ ಎದೆಯೆತ್ತರದ ಕಟ್ಟೆ ಎದ್ದಿತು. ಹೆಚ್ಚಾದ ನೀರು ಇಳಿಯಲು ರಂಗಪ್ಪ ಗದ್ದೆಯ ಕಡೆಗೆ ಬೇರೆ ದಾರಿ ಮಾಡಿದ. ಅವಳಿಗೆ ಸಮಾಧಾನವಿರಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು. ಒಳಗೆ ಉಳಿದ ಮೀನೇ ಮರಿ ಹಾಕುತ್ತದೆ. ಮುಂದಿನ ಬೇಸಿಗೆಗೆ ಯಾರ ಹಂಗೂ ಇಲ್ಲದೆ ನಾಲ್ಕೂರನ್ನು ಕರೆಯಬಹುದು. ಅದಕ್ಕಿಂತ ಹೆಚ್ಚಿನದು ಅವಳಿಗೆ ಬೇಕಿರಲಿಲ್ಲ.

ಆ ವರ್ಷ ಮೃಗಶಿರೆ ತಪ್ಪದೆ ಹಿಡಿಯಿತು. ಮೂರು ದಿನ ಬಿಡದೆ ಹೊಯ್ದು, ಕೆರೆ ಏರಿ, ಗುಡ್ಡದ ನೀರು ಕಾಲುವೆಗೆ ನುಗ್ಗಿತು. ನಾಲ್ಕನೆಯ ಬೆಳಿಗ್ಗೆ ನೆರೆಮನೆಯ ಹುಲಿಗೆಮ್ಮ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಬಂದು ಅಂಗಳದಲ್ಲಿ ನಿಂತಳು. ‘ಅಕ್ಕಾ, ಒಂದ್ಸಲ ಹೊಂಡದ ಹತ್ರ ಬಾ’ ಎಂದು ಕರೆದಳು.

ಹತ್ತುಮೀನು ಬಂದಿತ್ತು. ಯಾವ ವರ್ಷವೂ ಇಷ್ಟು ಬಂದದ್ದನ್ನು ಗುಡ್ಡಮ್ಮ ಕಂಡಿರಲಿಲ್ಲ. ಬಂದದ್ದು ಹೊಸ ಕಟ್ಟೆಗೆ ತಡೆದು ಒಂದರ ಮೇಲೊಂದು ಒಟ್ಟಿಕೊಂಡಿತ್ತು. ಕೆಲವು ಕಟ್ಟೆಯ ಮಣ್ಣಿಗೆ ಮೂತಿ ಗುದ್ದುತ್ತಿದ್ದವು, ಕೆಲವು ನೆಗೆದು ಮೇಲೆ ಬಿದ್ದು ಹೊರಳಾಡುತ್ತಿದ್ದವು. ಹಿಂತಿರುಗುವುದು ಅವಕ್ಕೆ ತಿಳಿಯದು. ಆ ಕಾಲುವೆಯ ಉದ್ದಕ್ಕೂ ಊರವರು ನಿಂತಿದ್ದರು. ಕೂಣಿಯ ಅಗತ್ಯವೇ ಇರಲಿಲ್ಲ. ಬುಟ್ಟಿಯಲ್ಲಿ ಮೊಗೆಯುತ್ತಿದ್ದರು, ದೊಣ್ಣೆಯಲ್ಲಿ ಬಡಿಯುತ್ತಿದ್ದರು, ಗೋಣಿಗೆ ತುಂಬುತ್ತಿದ್ದರು. ಸೀಳಿದ ಹೊಟ್ಟೆಗಳಿಂದ ಹಳದಿ ಮೊಟ್ಟೆ ನೀರಿಗೆ ಚೆಲ್ಲಿ ಕೆಸರಿನಲ್ಲಿ ತೇಲುತ್ತಿತ್ತು. ಅವರಲ್ಲಿ ಅವಳ ಅಂಗಳದಲ್ಲಿ ಉಣ್ಣದವರು ಒಬ್ಬರೂ ಇರಲಿಲ್ಲ.

‘ಬಿಡ್ರೋ, ಮೊಟ್ಟೆ ಮೀನು ಅವು’ ಎಂದಳು ಗುಡ್ಡಮ್ಮ. ಯಾರೂ ತಲೆಯೆತ್ತಲಿಲ್ಲ. ಹೆಗಲಿಗೆ ಗುದ್ದಲಿ ಹಾಕಿಕೊಂಡು ಮೊಣಕಾಲು ನೀರಿನಲ್ಲಿದ್ದ ರಂಗಪ್ಪನ ಹತ್ತಿರ ಹೋದಳು. ‘ನಿಮ್ಮಣ್ಣನ ಕಟ್ಟಳೆ ಮರ್ತು ಹೋತಾ ನಿಂಗೆ?’

ರಂಗಪ್ಪನಿಗೆ ನಾಚಿಕೆಯಾಯಿತು, ಆದರೆ ಕೈಯಲ್ಲಿದ್ದ ಗೋಣಿ ಕೆಳಗಿಡಲಿಲ್ಲ. ‘ಅಣ್ಣನ ಕಟ್ಟಳೆ ಹೊಂಡಕ್ಕೆ ಅತ್ಗೆ. ಇದು ಹೊರಗಿನ ಕಾಲ್ವೆ. ಇವು ಹೆಂಗಿದ್ರೂ ಸಾಯೋವೇ. ಒಳಗೆ ಹೋಗಕ್ಕೆ ದಾರಿ ಎಲ್ಲೈತೆ?’

ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅವಳಿಗೆ ಅಷ್ಟು ತಾಗಿತು. ಕೊಲ್ಲುತ್ತಿರುವವರು ಅವರಲ್ಲ, ತಾನು. ಇಪ್ಪತ್ತೈದು ವರ್ಷ ಬಂದವರಿಗೆ ಈ ವರ್ಷ ಬಾಗಿಲು ಹಾಕಿ, ಹೊಸ್ತಿಲ ಮೇಲೆ ಸಾಯಲು ಬಿಟ್ಟವಳು ತಾನು. ಮುಂದಿನ ಬೇಟೆಗೆ ಜನ ಬರಲೆಂದು ಮಾಡಿದ ಕೆಲಸ ಇದು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಷ್ಟು ಹೊತ್ತಿಗೆ ದಂಡೆಯ ಮೇಲೆ ಒಂದು ಕೊಡೆ ಕಾಣಿಸಿತು. ಮಳೆ ಹಿಡಿದ ಮೇಲೆ ಬರುತ್ತೇನೆ ಎಂದಿದ್ದ ಮಹೇಶ್ವರಪ್ಪನವರು, ಹೇಳಿದ ಮಾತಿನಂತೆ, ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿಕೊಂಡು, ಕಾಗದದ ಚೀಲವನ್ನು ಎದೆಗೆ ಅವಚಿಕೊಂಡು ಬಂದಿದ್ದರು. ಅವರನ್ನು ಕಂಡದ್ದೇ ತಡ, ಜನ ಗೋಣಿ ಬುಟ್ಟಿ ಹೊತ್ತುಕೊಂಡು ಗದ್ದೆಗಳ ಕಡೆ ಚದುರಿದರು. ರಂಗಪ್ಪ ಮಾತ್ರ ಅತ್ತಿಗೆಯ ಹತ್ತಿರ ಬಂದು ಪಿಸುಗುಟ್ಟಿದ. ‘ಒಂದು ಗಳಿಗೆ ತಡ್ಕಳ್ರಿ. ಕಟ್ಟೆ ನೋಡಿ ಬರ್ಕೊಂಡು ಹೋಗ್ಲಿ. ಆಮೇಲೆ ಏನು ಬೇಕಾದ್ರೂ ಮಾಡನ.’

ಇನ್ಸ್‌ಪೆಕ್ಟರು ಕಟ್ಟೆಯನ್ನು ನೋಡಿದರು, ಅದರ ಕೆಳಗಿನ ಮೀನಿನ ರಾಶಿಯನ್ನು ನೋಡಿದರು. ಸತ್ತವು ಎಷ್ಟೋ, ಇನ್ನೂ ಜೀವವಿದ್ದವು ಅದಕ್ಕಿಂತ ಹೆಚ್ಚು. ಅವರ ಮುಖ ಸಣ್ಣದಾಯಿತು. ಚೀಲದಿಂದ ಕಾಗದ ತೆಗೆದು, ಕೊಡೆಯ ಕೆಳಗೆ ಬರೆಯಲು ಶುರುಮಾಡಿದರು. ‘ಬಾಯಿ ಮುಚ್ಚಿದೆ’ ಎಂದು ಅವರು ಗಟ್ಟಿಯಾಗಿ ಹೇಳಿಕೊಂಡು ಬರೆದದ್ದು ಗುಡ್ಡಮ್ಮನಿಗೆ ಕೇಳಿಸಿತು. ಇನ್ನೊಂದು ಸಾಲು, ಒಂದು ಹೆಬ್ಬೆಟ್ಟು, ಅಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು.

ಅವಳು ರಂಗಪ್ಪನ ಹೆಗಲಿನಿಂದ ಗುದ್ದಲಿ ತೆಗೆದುಕೊಂಡು ಕಟ್ಟೆ ಹತ್ತಿದಳು.

ಹೊಸ ಮಣ್ಣು, ಮೂರು ದಿನ ನೆನೆದದ್ದು. ನಾಲ್ಕು ಪೆಟ್ಟಿಗೆ ಬಿರಿಯಿತು. ಹತ್ತನೆಯ ಪೆಟ್ಟಿಗೆ ಹೊಂಡದ ನೀರು ಸಂದಿಯಿಂದ ಕೆಂಪಗೆ ನುಗ್ಗಿ ಕಾಲುವೆಗೆ ಇಳಿಯಿತು. ಅವಳು ಬಿಡದೆ ಅಗೆದಳು. ಸೀರೆ ಕೆಸರಾಯಿತು, ಕಾಲು ಕುಸಿಯಿತು, ಎದ್ದು ಮತ್ತೆ ಅಗೆದಳು. ನೀರಿನ ಮೊದಲ ರಭಸ ಇಳಿದ ಮೇಲೆ ಒಂದು ಗೆಂಡೆ ಮೀನು ಅವಳ ಕಾಲಿನ ಪಕ್ಕದಲ್ಲೇ ಹರಿವಿಗೆ ಎದುರಾಗಿ ಹತ್ತಿ ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸುವಂತಿರಲಿಲ್ಲ. ಗುಡ್ಡಮ್ಮ ಗುದ್ದಲಿಗೆ ಒರಗಿ ನಿಂತು ಏದುಸಿರು ಬಿಡುತ್ತ ನೋಡಿದಳು. ರಂಗಪ್ಪ ತಲೆಯ ಮೇಲೆ ಕೈಹೊತ್ತು ದಂಡೆಯ ಮೇಲೆ ಕೂತುಬಿಟ್ಟ.

ಮಳೆ ಸ್ವಲ್ಪ ಕಡಿಮೆಯಾದಾಗ ಮಹೇಶ್ವರಪ್ಪನವರು ಹತ್ತಿರ ಬಂದರು.

‘ಗುಡ್ಡಮ್ಮನವರ, ನಾನು ಇವತ್ತು ಬಂದಿಲ್ಲ ಅಂತ ತಿಳಕೊಳ್ರಿ. ದಾರಿಯಲ್ಲಿ ಹಳ್ಳ ಬಂದಿತ್ತು, ದಾಟಾಕ ಆಗಲಿಲ್ಲ ಅಂತ ಬರಕೊಳ್ತೀನಿ. ಮುಂದಿನ ವಾರ ಬರ್ತೀನಿ. ಅಷ್ಟರೊಳಗೆ ಇವು ಒಳಗೆ ಹೋಗಿರ್ತಾವು. ನೀವು ಮತ್ತೆ ಕಟ್ಟೆ ಹಾಕಿಸ್ರಿ.’

ಮೂವತ್ತು ವರ್ಷದ ನೌಕರಿಯಲ್ಲಿ ಆ ಮನುಷ್ಯ ಆಡಿದ ಮೊದಲ ಸುಳ್ಳು ಅದಾಗಿದ್ದಿರಬೇಕು. ಹೇಳುವಾಗ ನಾಲಿಗೆ ತೊಡರುತ್ತಿತ್ತು.

ಗುಡ್ಡಮ್ಮ ಕೂಡಲೇ ಒಪ್ಪಲಿಲ್ಲ, ಕೂಡಲೇ ಬೇಡವೆನ್ನಲೂ ಇಲ್ಲ. ಮುಂದಿನ ವೈಶಾಖ ಅವಳ ಕಣ್ಣಮುಂದೆ ಬಂತು. ಅಂಗಳ ತುಂಬ ಜನ, ಒಲೆಯ ಮೇಲೆ ಹಂಡೆ, ದಂಡೆಯಲ್ಲಿ ಸಾಲಾಗಿ ಕೂಣಿ. ಅದನ್ನು ಬಿಟ್ಟರೆ ತನಗೆ ಮತ್ತೇನಿದೆ ಎಂದು ಯೋಚಿಸಿದಳು, ಏನೂ ತೋಚಲಿಲ್ಲ.

‘ಮುಂದಿನ ವರ್ಷನೂ ಇವು ಬರ್ತಾವಲ್ಲ ಸ್ವಾಮಿ. ಅದರ ಮುಂದಿನ ವರ್ಷನೂ ಬರ್ತಾವೆ. ಪ್ರತಿ ಸಲ ನಾನು ಕಟ್ಟೆ ಹಾಕ್ಕಂಡು ಕೂರಕ್ಕೆ ಆಗದಿಲ್ಲ. ಕಂಡಿದ್ದು ಬರೀರಿ.’

‘ಬರೆದ್ರೆ ಹೊಂಡದ ಮೇಲೆ ನಿಮಗೆ ಹಕ್ಕು ಉಳಿಯಲ್ಲ ಅನ್ನೋದು ಗೊತ್ತೈತೇನ್ರಿ? ನಿಮ್ಮ ನೆಲದಲ್ಲೇ ನೀವು ಒಂದು ಮೀನು ಹಿಡಿಯಂಗಿಲ್ಲ.’

‘ಗೊತ್ತೈತೆ. ಬರೀರಿ.’

ಅವರು ಮೊದಲ ಕಾಗದವನ್ನು ಹರಿದು, ಇನ್ನೊಂದು ತೆಗೆದು, ಹೊಂಡದ ನೀರು ಮಳೆಗಾಲದಲ್ಲಿ ಕೆರೆಗೆ ಕೂಡುತ್ತದೆ ಎಂದು ಬರೆದು, ಅವಳಿಗೆ ಓದಿ ಹೇಳಿದರು. ಅವಳು ಕೈ ತೊಳೆದುಕೊಂಡು ಹೆಬ್ಬೆಟ್ಟು ಒತ್ತಿದಳು.

ದೀಪಾವಳಿಯ ಹೊತ್ತಿಗೆ ಹುಕುಂ ಬಂತು. ಹೊಂಡವನ್ನು ದೊಡ್ಡ ಕೆರೆಯ ಜೊತೆ ಸೇರಿಸಿತ್ತು. ಊರಿನವರಿಗೆ ಆಗ ಬಿಸಿ ತಟ್ಟಿತು. ಮಳೆಗಾಲದಲ್ಲಿ ಗೋಣಿ ತುಂಬಿಕೊಂಡವರೇ ಈಗ ಗುಡ್ಡಮ್ಮ ಹೊಂಡ ಕಳೆದಳು, ಗಂಡನ ಹೆಸರು ಮುಳುಗಿಸಿದಳು ಎಂದು ಅರಳಿಕಟ್ಟೆಯ ಮೇಲೆ ಕೂತು ಆಡಿಕೊಂಡರು. ರಂಗಪ್ಪ ಎರಡು ತಿಂಗಳು ಮಾತು ಬಿಟ್ಟ. ಅವಳು ಯಾರಿಗೂ ವಿವರಣೆ ಕೊಡಲು ಹೋಗಲಿಲ್ಲ. ಬೇಟೆಗೆ ಅಪ್ಪಣೆ ಬೇಕೆಂದು ಮತ್ತೆ ಸೊರಬಕ್ಕೆ ನಡೆದು ಅರ್ಜಿ ಕೊಟ್ಟು ಬಂದಳು. ಹರಾಜು ಹಿಡಿದವರ ಮೀನನ್ನು ಬೇರೆಯವರು ಹಿಡಿಯಲು ಅಪ್ಪಣೆ ಕೊಡಲಾಗುವುದಿಲ್ಲ ಎಂದು ಜವಾಬು ಬಂತು.

ಮುಂದಿನ ವೈಶಾಖದಲ್ಲಿ, ಪ್ರತಿ ವರ್ಷ ಬೇಟೆ ಆಗುತ್ತಿದ್ದ ವಾರ, ಅವಳು ಎಂದಿನಂತೆ ಮನೆಮನೆಗೆ ಹೋಗಿ ಊಟಕ್ಕೆ ಹೇಳಿ ಬಂದಳು. ಮುದುಕಿಗೆ ತಲೆ ಕೆಟ್ಟಿದೆ ಎಂದವರುಂಟು. ಕಾಯಿದೆ ಮುರಿಯುತ್ತಾಳೆಂದು ಸುದ್ದಿ ಹಬ್ಬಿ, ಹರಾಜು ಹಿಡಿದವನು ಸೊರಬದಿಂದ ಒಬ್ಬ ಪೇದೆಯನ್ನು ಕರೆಸಿ ದಂಡೆಯ ಮೇಲೆ ನಿಲ್ಲಿಸಿದ. ಆದರೂ ಆ ದಿನ ಜನ ಬಂದರು. ಮೊದಲು ಹತ್ತಿಪ್ಪತ್ತು, ಆಮೇಲೆ ಗುಂಪುಗುಂಪಾಗಿ, ಕೊನೆಗೆ ರಂಗಪ್ಪನೂ. ಯಾರ ಕೈಯಲ್ಲೂ ಕೂಣಿ ಇರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಹೊಂಡದ ದಂಡೆಯ ಮೇಲೆ ಕೂತರು. ನೀರು ಮೊಣಕಾಲಿಗಿಳಿದಿತ್ತು. ಹಿಂದಿನ ಮಳೆಗೆ ಒಳಗೆ ಬಂದವುಗಳ ಮರಿಗಳು ಬೆಳೆದು, ಆಳವಿಲ್ಲದ ಕಡೆ ಬೆನ್ನು ಕಾಣುವಂತೆ ಓಡಾಡುತ್ತಿದ್ದವು. ಅಷ್ಟು ಮೀನು ಆ ಹೊಂಡದಲ್ಲಿ ಎಂದೂ ಇರಲಿಲ್ಲ. ಎಲ್ಲಿ ಕೂಣಿ ಒತ್ತಬೇಕೆಂದು ಅಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಯಾರೂ ಕಾಲು ನೀರಿಗಿಡಲಿಲ್ಲ.

ಹಂಡೆಯಲ್ಲಿ ಹುರುಳಿಸಾರು ಕುದಿಯುತ್ತಿತ್ತು. ಎಲೆ ಹಾಸುತ್ತಿದ್ದ ಗುಡ್ಡಮ್ಮ ಒಮ್ಮೆ ನಿಂತು ದಂಡೆಯ ಕಡೆ ನೋಡಿದಳು. ವರ್ಷದಿಂದ ಒಳಗೆ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು.

‘ಹುಲಿಗೆಮ್ಮ, ನಮ್ಮನೆಯೋರು ಇದ್ದಿದ್ರೆ ನಂಗೆ ಬೈತಿದ್ರಾ?’

ಹುಲಿಗೆಮ್ಮ ಸೌದೆಯನ್ನು ಒಲೆಯೊಳಗೆ ತಳ್ಳಿದಳು. ಮನಸ್ಸು ನೋಯಬಾರದೆಂದು ಸುಳ್ಳು ಹೇಳುವ ಹೆಂಗಸಲ್ಲ ಅವಳು.

‘ಬೈತಿದ್ರು ಅಕ್ಕಾ. ಕಟ್ಟೆ ಒಡೆದಿದ್ದಕ್ಕಲ್ಲ, ಹಾಕಿದ್ದಕ್ಕೆ.’

ಗುಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಲೆಯ ಹಿಂದೆ ನಿಂತು ಅತ್ತಳು. ಗಂಡ ಸತ್ತ ದಿನದ ನಂತರ ಅವಳು ಅತ್ತದ್ದು ಅದೇ ಮೊದಲು. ಆಮೇಲೆ ಮುಖ ತೊಳೆದುಕೊಂಡು ದಂಡೆಗೆ ಹೋಗಿ ಎಲ್ಲರನ್ನೂ ಊಟಕ್ಕೆಬ್ಬಿಸಿದಳು. ಪೇದೆ ತಾನು ಡ್ಯೂಟಿಯ ಮೇಲಿದ್ದೇನೆ, ಬರುವಂತಿಲ್ಲ ಎಂದ. ಅವನ ಎಲೆಯನ್ನು ಅವನು ನಿಂತಲ್ಲಿಗೇ ತಂದು ಬಡಿಸಿದಳು.